ತಲೆಮಟ್ಟದ ಏರಿ

ಟಿಡ್‌ಹೋಮ್ ಏರಿ, ಲಿಂಕನ್‌ಶೈರ್
೭ ನವೆಂಬರ್ ೧೯೧೫

ಪ್ರೀತಿಯ ಸೇತ್,

ನಾನು, ನಿನ್ನ ದೊಡ್ಡಮ್ಮ, ಏರಿ, ಮೂವರೂ ಇನ್ನೂ ನಿಂತಿದ್ದೇವೆ. ಈ ವಾರ ಕಾಲುವೆಯ ನೀರು ಏರಿಯ ಎದೆಯವರೆಗೆ ಬಂದು, ನಮ್ಮ ಕೆಲಸ ನೋಡಿಕೊಂಡು, ಹಾಗೇ ಇಳಿದುಹೋಯಿತು.

ನಿನ್ನ ಪತ್ರ ಓದಿ ನಕ್ಕುಬಿಟ್ಟೆ. ಫ್ಲಾಂಡರ್ಸಿನಲ್ಲಿ ಎರಡಡಿ ಅಗೆದರೆ ನೀರು, ಕಂದಕ ತೋಡಲಾಗುವುದಿಲ್ಲ, ಅದಕ್ಕೇ ನೆಲದ ಮೇಲೆ ಮಣ್ಣುಚೀಲ ಪೇರಿಸಿ ತಲೆಮಟ್ಟಕ್ಕೆ ಒಡ್ಡು ಕಟ್ಟಿಸುತ್ತಿದ್ದಾರೆ ಎಂದು ಬರೆದೆಯಲ್ಲ, ಅದು ಏರಿಯಲ್ಲದೆ ಮತ್ತೇನೋ? ಸೈನ್ಯದವರು ತಮಗೇ ಗೊತ್ತಿಲ್ಲದೆ ನಿನ್ನನ್ನು ನಿನ್ನ ಮನೆತನದ ಕೆಲಸಕ್ಕೇ ಹಾಕಿದ್ದಾರೆ. ನಿಮ್ಮಪ್ಪ ಹೋದಮೇಲೆ ಹದಿನಾರು ವರ್ಷ ನನ್ನ ಜೊತೆ ಏರಿ ಕಾದವನಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಆದರೂ ಹೇಳುತ್ತೇನೆ. ಶಾಲೆಯ ಮೆಟ್ಟಿಲು ಹತ್ತದೆ ಅಕ್ಷರ ಕಲಿತವನಿಗೆ ಬರೆಯುವ ಚಟ ಜಾಸ್ತಿ.

ಬುಡ, ಎತ್ತರದ ಮೂರು ಪಟ್ಟು ಅಗಲವಿರಲಿ. ಒಂದು ಸಾಲು ಚೀಲ ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ. ಪ್ರತಿ ಸಾಲನ್ನೂ ದಮ್ಮಸು ಬಡಿದು ಗಟ್ಟಿ ಮಾಡು. ಕೊನೆಗೆ ತಲೆ. ಏರಿಯ ಮರ್ಯಾದೆ ಇರುವುದೇ ತಲೆಯಲ್ಲಿ. ದಾರ ಕಟ್ಟಿ ಮಟ್ಟಸ ಮಾಡು. ತಗ್ಗಿದ್ದ ಕಡೆ ನೀರು ಹುಡುಕಿಕೊಂಡು ಬರುತ್ತದೆ. ಉಬ್ಬಿ ಗುಬ್ಬು ಎದ್ದಿದ್ದರೆ ಆ ಮಣ್ಣು ಇನ್ನೆಲ್ಲೋ ತಗ್ಗು ಮಾಡಿ ಬಂದದ್ದು. ಸಂಜೆ ಹೊತ್ತು ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡು. ಬೆರಳಗಲ ಎದ್ದಿದ್ದರೂ ಕಾಣುತ್ತದೆ.

ಪಕ್ಕದ ಮನೆಯ ಕೆಜಿಯಾ ಬಂದು ಬಾಗಿಲಲ್ಲೇ ನಿಂತಿದ್ದಳು. ಮಗ ರೂಬೆನ್ ನಿನ್ನ ತುಕಡಿಗೇ ಬಂದನೆಂದು ಕೇಳಿ ಅವಳಿಗೆ ಅರ್ಧ ಜೀವ ಬಂದಿದೆ. ಗಂಡ ಇಲ್ಲ, ಇರುವವನು ಇವನೊಬ್ಬ. "ಜೇಬೆಜ್, ಸೇತ್‌ಗೆ ಬರಿ, ನನ್ನ ಹುಡುಗನ್ನ ಪಕ್ಕದಲ್ಲೇ ಇಟ್ಕೊಳ್ಳಲಿ. ಅವನಿಗೆ ಕುತ್ತಿಗೆ ಉದ್ದ, ಬುದ್ಧಿ ಗಿಡ್ಡ" ಅಂದಳು. "ಸೇತ್ ಕಟ್ಟಿದ ಏರಿ ಹಿಂದೆ ಇದ್ರೆ ಪ್ರಾರ್ಥನೆ ಮನೇಲಿ ಕೂತಿದ್ದ ಹಾಗೆ ಕಣಮ್ಮ, ನನ್ನ ಮಾತು" ಅಂದೆ. ಮಾತು ಕೊಟ್ಟುಬಿಟ್ಟಿದ್ದೇನೆ. ನೀನು ಉಳಿಸಬೇಕು.

ನಿನ್ನ ದೊಡ್ಡಪ್ಪ,
ಜೇಬೆಜ್ ಥರ್ಲ್‌ಬಿ


ಫ್ಲಾಂಡರ್ಸ್
೨೧ ನವೆಂಬರ್ ೧೯೧೫

ದೊಡ್ಡಪ್ಪನಿಗೆ ಸೇತ್ ಮಾಡುವ ನಮಸ್ಕಾರ.

ನಿಮ್ಮ ಪತ್ರವನ್ನು ಜೇಬಲ್ಲಿಟ್ಟುಕೊಂಡೇ ಕಟ್ಟಿದೆ. ನಲವತ್ತು ಗಜ ಉದ್ದ. ಮೇಲೆ ಒಂದು ಗೋಲಿ ಇಟ್ಟರೆ ಉರುಳುವುದಿಲ್ಲ. ಕ್ಯಾಪ್ಟನ್ ಹೆನ್ಶಾ ಆ ತುದಿಯಿಂದ ಈ ತುದಿಗೆ ಒಂದು ಕಣ್ಣು ಮುಚ್ಚಿ ನೋಡಿ ಶಿಳ್ಳೆ ಹಾಕಿದರು. ಬೇರೆ ಕಂಪನಿಯವರನ್ನು ಕರೆತಂದು ತೋರಿಸುತ್ತಿದ್ದಾರೆ. ನನ್ನ ತೋಳಿಗೆ ಒಂದು ಪಟ್ಟಿ ಬಂದಿದೆ, ಈಗ ನಾನು ಲ್ಯಾನ್ಸ್ ಕಾರ್ಪೊರಲ್.

ಸಾರ್ಜೆಂಟ್ ಡಾಬ್ ಲಂಡನ್ನಿನವನು. ನಮ್ಮ ಜೌಗಿನವರನ್ನೆಲ್ಲ ಕಪ್ಪೆಗಳೆಂದೇ ಕರೆಯುವುದು. "ಲೋ ಕಪ್ಪೆ, ಇದೇನು ಯುದ್ಧಕ್ಕೆ ಕಟ್ತಿದೀಯೋ, ನಿಮ್ಮತ್ತೆ ಚಹಾ ಕುಡಿಯೋಕೆ ಕಟ್ತಿದೀಯೋ?" ಅಂದ. ಅದಕ್ಕೆ ರೂಬೆನ್, "ಸರ್, ನಮ್ಮೂರಲ್ಲಿ ಇದು ಹಂದಿ ಕಟ್ಟೋ ಜಾಗ" ಅಂದ. ಡಾಬ್ ನಕ್ಕುಬಿಟ್ಟ, ಆಮೇಲೆ ರೂಬೆನ್‌ಗೆ ಎರಡು ದಿನ ನೀರು ಹೊರುವ ಕೆಲಸ ಹಾಕಿದ. ಅವನು ನನ್ನ ಪಕ್ಕದಲ್ಲೇ ಇದ್ದಾನೆ, ಕೆಜಿಯಾ ಅತ್ತೆಗೆ ಹೇಳಿ.

ಒಂದು ಮಾತು ಕೇಳಬೇಕಿತ್ತು. ಡಾಬ್ ನಮ್ಮ ಬೆನ್ನ ಹಿಂದೆಯೂ ಒಂದು ಒಡ್ಡು ಬೇಕು ಅನ್ನುತ್ತಾನೆ. ಎರಡಕ್ಕೂ ಸಾಲುವಷ್ಟು ಚೀಲವಿಲ್ಲ. ಮುಂದಿನದನ್ನು ಇನ್ನೂ ದಪ್ಪ ಮಾಡಲೋ, ಹಿಂದೆ ಕಟ್ಟಲೋ ಎಂದು ಕ್ಯಾಪ್ಟನ್ ನನ್ನನ್ನೇ ಕೇಳಿದ್ದಾರೆ. ನೀವೇನು ಅನ್ನುತ್ತೀರಿ?

ಪತ್ರಗಳನ್ನು ಕ್ಯಾಪ್ಟನ್ ಓದಿಯೇ ಅಂಚೆಗೆ ಹಾಕುವುದು, ಅದಕ್ಕೇ ಊರಿನ ಹೆಸರು ಬರೆದಿಲ್ಲ.

ಸೇತ್


ಟಿಡ್‌ಹೋಮ್ ಏರಿ
೫ ಡಿಸೆಂಬರ್ ೧೯೧೫

ಲ್ಯಾನ್ಸ್ ಕಾರ್ಪೊರಲ್ ಸಾಹೇಬರೇ,

ನಿನ್ನ ದೊಡ್ಡಮ್ಮ ಆ ಪದವನ್ನು ಮೂರು ಸಲ ಓದಿಸಿದಳು. ನಾನು ಪತ್ರವನ್ನು ಪಂಪಿನ ಮನೆಗೆ ಒಯ್ದು ಎಲ್ಲರಿಗೂ ಓದಿದೆ. ಗೋಲಿಯ ಮಾತು ಬಂದಾಗ ಮುದುಕ ಹಾಬ್ಸನ್ ಟೋಪಿ ತೆಗೆದ. ಸುಳ್ಳಲ್ಲ.

ಹಿಂದಿನ ಒಡ್ಡಿನ ವಿಚಾರ. ನೀರು ಬರುವ ಕಡೆಗೆ ಏರಿ. ನೀರಿಲ್ಲದ ಕಡೆ ಏರಿ ಕಟ್ಟುವವನು ಮಣ್ಣಿಗೆ ಕೇಡು. ಅವರು ಬರುವುದು ಮುಂದಿನಿಂದ ತಾನೇ? ಇದ್ದ ಚೀಲವನ್ನೆಲ್ಲ ಮುಂದಕ್ಕೇ ಹಾಕು. ಆ ಲಂಡನ್ನಿನವನಿಗೆ ಏರಿ ಅಂದರೆ ಏನು ಗೊತ್ತು, ನಲ್ಲಿಯಲ್ಲಿ ನೀರು ಕಂಡವನು.

ಕೆಜಿಯಾಗೂ ಓದಿ ಹೇಳಿದೆ. ಹಂದಿಯ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅವರಪ್ಪನ ನಾಲಿಗೆ" ಅಂದಳು. ಇಬ್ಬರಿಗೂ ಒಣದ್ರಾಕ್ಷಿ ಬ್ರೆಡ್ಡು ಕಳಿಸಿದ್ದಾಳೆ. ದೊಡ್ಡ ತುಂಡು ಯಾರದು ಎಂದು ಜಗಳವಾಡಬೇಡಿ.

ದೊಡ್ಡಪ್ಪ


ಫ್ಲಾಂಡರ್ಸ್
೧೯ ಡಿಸೆಂಬರ್ ೧೯೧೫

ದೊಡ್ಡಪ್ಪ,

ನಾನು ಚೆನ್ನಾಗಿದ್ದೇನೆ. ಏರಿಯೂ ನಿಂತಿದೆ.

ಸ್ವಲ್ಪ ದಿನ ಏರಿಯ ವಿಚಾರ ಬರೆಯಬೇಡಿ. ಊರಿನ ಸುದ್ದಿ ಬರೆಯಿರಿ. ಏನು ಅಡಿಗೆ ಮಾಡಿದರು, ಹಾವುಮೀನು ಸಿಕ್ಕಿತೇ, ಅಂಥದ್ದು.

ಒಂದೇ ಪ್ರಶ್ನೆ. ನೀವು ಸಂಜೆ ಏರಿಯ ತಲೆ ನೋಡುವಾಗ ಎಷ್ಟು ದೂರದಿಂದ ನೋಡುತ್ತೀರಿ? ಒಂದು ಗೇಣು ಎದ್ದಿದ್ದರೆ ಎಷ್ಟು ದೂರಕ್ಕೆ ಕಾಣುತ್ತದೆ? ಸರಿಯಾಗಿ ಹೆಜ್ಜೆ ಎಣಿಸಿ ಬರೆಯಿರಿ.

ಬ್ರೆಡ್ಡು ಬಂತು.

ಸೇತ್


ಟಿಡ್‌ಹೋಮ್ ಏರಿ
೨ ಜನವರಿ ೧೯೧೬

ಪ್ರೀತಿಯ ಸೇತ್,

ಏರಿಯ ವಿಚಾರ ಬರೆಯಬೇಡಿ ಅಂದದ್ದು ನೋಡಿ ಸ್ವಲ್ಪ ನೋವಾಯಿತು. ಆಮೇಲೆ ಕೆಳಗೆ ಓದಿದರೆ ಏರಿಯ ಪ್ರಶ್ನೆಯೇ ಇದೆ! ನಿನ್ನ ದೊಡ್ಡಮ್ಮ, "ಕಾರ್ಪೊರಲ್ ಆದ್ಮೇಲೆ ಜಂಬ ಕಣ್ರೀ" ಅಂದಳು. ನಾನು ಒಪ್ಪಲಿಲ್ಲ. ಇನ್ನೂ ಚೊಕ್ಕ ಮಾಡಬೇಕೆಂಬ ಹಟ ನಿನಗೆ, ನನಗೆ ಗೊತ್ತು.

ನಿನ್ನೆ ಸಂಜೆ ಎಣಿಸಿಕೊಂಡು ಹೋದೆ. ಇನ್ನೂರು ಹೆಜ್ಜೆಗೆ ಗೇಣು ಗುಬ್ಬಲ್ಲ, ಕೈಮುಷ್ಟಿಯಷ್ಟಿದ್ದರೂ ಕಂಡಿತು. ಯಾಕೆ ಗೊತ್ತಾ? ಏರಿಯ ತಲೆ ಗೆರೆ ಎಳೆದ ಹಾಗಿದ್ದು, ಅದರ ಹಿಂದೆ ಬರೀ ಆಕಾಶವಿದ್ದರೆ, ಗುಬ್ಬಚ್ಚಿ ಬಂದು ಕೂತರೂ ಹೇಳಬಲ್ಲೆ, ಅದು ತಲೆ ತಿರುಗಿಸಿದರೂ ಹೇಳಬಲ್ಲೆ. ಸಂಜೆ ಬೆಳಕಲ್ಲಂತೂ ಕಣ್ಣು ಬೇರೆಲ್ಲೂ ಹೋಗುವುದೇ ಇಲ್ಲ. ಅದೇ ಹಾಬ್ಸನ್ನನ ಹಾಳುಬಿದ್ದ ಏರಿಯನ್ನು ನೋಡು, ಅದರ ಮೇಲೆ ಹಸುವಿನಷ್ಟು ದೊಡ್ಡದು ಮಲಗಿದ್ದರೂ ಪತ್ತೆಯಾಗುವುದಿಲ್ಲ. ಒಳ್ಳೆಯ ಏರಿ ಏನನ್ನೂ ಬಚ್ಚಿಡುವುದಿಲ್ಲ ಕಣೋ.

ರೂಬೆನ್ ಹೆಸರೇ ಬರೆದಿಲ್ಲವಲ್ಲ, ಮಾತು ಬಿಟ್ಟಿದ್ದೀರಾ? ಕೆಜಿಯಾಗೆ ಅವನ ಪತ್ರ ಬಂದು ಐದು ವಾರವಾಯಿತು. "ಸೋಮಾರಿ, ಕೈಗೆ ಚಳಿ ಹಿಡಿದಿರುತ್ತೆ" ಅನ್ನುತ್ತಾಳೆ. ಅಂಚೆಯವನು ಬರುವ ಹೊತ್ತಿಗೆ ಮಾತ್ರ ಬಾಗಿಲು ಗುಡಿಸಲು ಬರುತ್ತಾಳೆ.

ದೊಡ್ಡಪ್ಪ


ಫ್ಲಾಂಡರ್ಸ್
೧೪ ಜನವರಿ ೧೯೧೬

ದೊಡ್ಡಪ್ಪ,

ಇದನ್ನು ಕ್ಯಾಪ್ಟನ್ ಓದುವುದಿಲ್ಲ. ಕಾಲಿಗೆ ಗಾಯವಾಗಿ ಇಂಗ್ಲೆಂಡಿಗೆ ಹೊರಟವನೊಬ್ಬನ ಬೂಟಿನಲ್ಲಿಟ್ಟು ಕಳಿಸುತ್ತಿದ್ದೇನೆ. ಹಡಗಿಳಿದು ಅಂಚೆಗೆ ಹಾಕುತ್ತಾನೆ.

ನೀವು ಗುಬ್ಬಚ್ಚಿಯ ಮಾತು ಬರೆದಿರಲ್ಲ, ಅದನ್ನು ಓದಿ ಎದ್ದು ಹೊರಗೆ ಹೋದೆ. ಇನ್ನೂರು ಹೆಜ್ಜೆ. ಅಷ್ಟೇ ದೂರದಲ್ಲಿ, ಆಚೆ ಕಡೆ ಒಬ್ಬ ಕೂತಿದ್ದಾನೆ. ಅವನ ಬಂದೂಕಿಗೆ ದೂರದರ್ಶಕ ಕಟ್ಟಿದ್ದಾರೆ. ನಮ್ಮ ಸಾಲಿನಲ್ಲಿ ಎಡಕ್ಕೂ ಬಲಕ್ಕೂ ಕೆಟ್ಟ ಒಡ್ಡುಗಳಿವೆ, ಅಲ್ಲಿ ಯಾರಿಗೂ ಏನೂ ಆಗಿಲ್ಲ. ನನ್ನ ನಲವತ್ತು ಗಜದಲ್ಲಿ ನಾಲ್ವರು ಹೋದರು. ನಾಲ್ವರಿಗೂ ಹಣೆಗೆ.

ಮೂರನೆಯವನು ರೂಬೆನ್. ಡಿಸೆಂಬರ್ ಹದಿನೈದು, ಸಂಜೆ.

ಮಳೆಗೆ ಮೇಲಿನ ಚೀಲವೊಂದು ಜಾರಿ ಗುಬ್ಬೆದ್ದಿತ್ತು. "ಏನೋ ಅದು ಗುಬ್ಬು, ಏರಿ ಕಾಯೋ ಮನೆ ಪಕ್ಕದಲ್ಲಿ ಬೆಳೆದವನೇನೋ ನೀನು?" ಅಂತ ನಾನೇ ಅಂದೆ. ತಮಾಷೆಗೆ. "ನಿಮ್ಮ ದೊಡ್ಡಪ್ಪ ನೋಡಿದ್ರೆ ನಂಗೆ ಊಟ ಹಾಕಲ್ಲ ಕಣೋ, ತಡಿ" ಅಂದು ಎದ್ದ. ಎರಡೂ ಕೈಯಿಂದ ಚೀಲವನ್ನು ತಟ್ಟಿ ಸರಿ ಮಾಡಿದ. ಸರಿಯಾಯಿತೋ ಇಲ್ಲವೋ ನೋಡಲು ಕುತ್ತಿಗೆ ಉದ್ದ ಮಾಡಿದ. ಅಷ್ಟೇ.

ಅದಕ್ಕೇ ಹತ್ತೊಂಬತ್ತರಂದು ಅಂಥ ಪತ್ರ ಬರೆದೆ.

ನಿಮ್ಮ ಗುಬ್ಬಚ್ಚಿಯ ಮಾತನ್ನು ಕ್ಯಾಪ್ಟನ್ನಿಗೆ ಓದಿ ಹೇಳಿದೆ. "ನಿಮ್ಮ ದೊಡ್ಡಪ್ಪ ಸೈನಿಕನಾ?" "ಅಲ್ಲ ಸರ್, ಏರಿ ಕಾಯೋರು." "ಹಾಗಿದ್ರೆ ಏರಿ ಕಾಯ್ಲಿ." ಫೆಬ್ರವರಿ ಹತ್ತಕ್ಕೆ ಕರ್ನಲ್ ಬಂದು ನನ್ನ ಏರಿಯನ್ನು ನೋಡುತ್ತಾರಂತೆ, ಎಲ್ಲರೂ ಹೀಗೇ ಕಟ್ಟಬೇಕೆಂದು ಆಜ್ಞೆ ಹೊರಡಿಸುತ್ತಾರಂತೆ. ಇಡೀ ಸಾಲು, ದೊಡ್ಡಪ್ಪ. ಮೈಲಿಗಟ್ಟಲೆ.

ಕೆಡಿಸುತ್ತೇನೆ, ಪಟ್ಟಿ ಹೋದರೆ ಹೋಗಲಿ. ಆದರೆ ಆಗುತ್ತಿಲ್ಲ. ಚೀಲ ಸೊಟ್ಟಗಿಡುತ್ತೇನೆ, ತಿರುಗಿ ನೋಡುವಷ್ಟರಲ್ಲಿ ಕೈ ತಾನೇ ಹೋಗಿ ನೆಟ್ಟಗೆ ಮಾಡಿರುತ್ತದೆ. ನಮ್ಮೂರಿನ ಮಿಕ್ಕವರದೂ ಇದೇ ಪಾಡು. ನೀವು ನನಗೆ ಒಳ್ಳೆಯ ಏರಿ ಕಲಿಸಿದಿರಿ. ಈಗ ಕೆಟ್ಟದನ್ನು ಕಟ್ಟುವುದು ಹೇಗೆ ಎಂದು ಬರೆಯಿರಿ. ಬೇಗ ಬರೆಯಿರಿ. ಹದಿನಾಲ್ಕು ಜನ ಉಳಿದಿದ್ದೇವೆ.

ಕೆಜಿಯಾ ಅತ್ತೆಗೆ ಇದನ್ನು ಓದಬೇಡಿ.

ಸೇತ್


ಟಿಡ್‌ಹೋಮ್ ಏರಿ
೨೩ ಜನವರಿ ೧೯೧೬

ಸೇತ್,

ರೂಬೆನ್ ಹೋದದ್ದು ಗೊತ್ತಿತ್ತು. ನಾಲ್ಕನೇ ತಾರೀಖು ಸರ್ಕಾರದ ಕಾಗದ ಬಂತು. ಅವಳಿಗೆ ಓದಲು ಬರುವುದಿಲ್ಲ, ನನ್ನ ಕೈಗೇ ತಂದುಕೊಟ್ಟಳು. ನಾನೇ ಓದಿದೆ. "ಸೇತ್ ಪಕ್ಕದಲ್ಲಿ ಇರಲಿಲ್ವಾ?" ಅಂದಳು. "ಇದ್ದ ಕಣಮ್ಮ, ಆದ್ರೆ ಮೇಲಿಂದ ಬೀಳೋ ಗುಂಡಿಗೆ ಯಾವ ಏರಿ ಏನು ಮಾಡುತ್ತೆ" ಅಂದೆ. ನನಗೆ ತೋಚಿದ್ದನ್ನು ಗೊತ್ತಿದ್ದವನ ಹಾಗೆ ಹೇಳಿದೆ. ನಿನಗೆ ಅದನ್ನು ಬರೆದು ಎದೆ ಒಡೆಸಬಾರದೆಂದು ಸುಮ್ಮನಿದ್ದೆ. ನೀನೂ ಅಲ್ಲಿ ಅದಕ್ಕೇ ಸುಮ್ಮನಿದ್ದೆ.

ಈಗ ಅಳುವುದಕ್ಕೆ ಪುರುಸೊತ್ತಿಲ್ಲ. ಕೇಳು.

ನಿನ್ನ ಪತ್ರ ಬಂದ ಮಾರನೆಯ ಬೆಳಿಗ್ಗೆ ನಾನು ಒಳಗಿನ ಹಳೆಯ ಏರಿಗೆ ಹೋದೆ, ನೀರಿಗೆ ತಾಗದ್ದು. ಕೋಲಿಗೆ ಒಂದು ಗೆಡ್ಡೆ ಚುಚ್ಚಿ, ನನ್ನ ಟೋಪಿ ಹಾಕಿ, ನಿನ್ನ ದೊಡ್ಡಮ್ಮನ ಕೈಗೆ ಕೊಟ್ಟು ಏರಿಯ ಹಿಂದೆ ಕೂರಿಸಿದೆ. ಇನ್ನೂರು ಹೆಜ್ಜೆ ಹೋಗಿ ತಿರುಗಿ ನೋಡಿದೆ. ದೇವರೇ. ಟೋಪಿಯ ಹೊಲಿಗೆ ಕಾಣುತ್ತಿತ್ತು.

ಆಮೇಲೆ ಗುದ್ದಲಿ ತಂದು ಹತ್ತು ಗಜ ಕೆಡಿಸಿದೆ. ಏರಿಗಳ ಮೇಲ್ವಿಚಾರಕ ಕುದುರೆ ನಿಲ್ಲಿಸಿ, "ಜೇಬೆಜ್, ತಲೆ ಕೆಟ್ಟಿತೇನಯ್ಯಾ?" ಅಂದ. "ಇಷ್ಟು ದಿನ ಕೆಟ್ಟಿತ್ತು ಸ್ವಾಮಿ" ಅಂದೆ. ನನಗೂ ಮೊದಲು ನಿನ್ನ ಹಾಗೇ ಆಯಿತು, ಕೈ ಕೇಳಲಿಲ್ಲ. ಆದ್ದರಿಂದ ಕಂಡುಕೊಂಡದ್ದನ್ನು ಬರೆಯುತ್ತೇನೆ.

ಬುಡವನ್ನೂ ಹೊಟ್ಟೆಯನ್ನೂ ಮುಟ್ಟಬೇಡ. ಗುಂಡು ತಡೆಯುವುದು ದಪ್ಪ, ಅದು ಹಾಗೇ ಇರಲಿ. ಕೆಡಿಸಬೇಕಾದ್ದು ತಲೆ ಮಾತ್ರ. ಚೀಲವನ್ನು ಇಡಬೇಡ, ಎಸೆ. ಏರಿಗೆ ಬೆನ್ನು ಹಾಕಿ ನಿಂತು ಹೆಗಲ ಮೇಲಿಂದ ಹಿಂದಕ್ಕೆ ಎಸೆ, ಬಿದ್ದಲ್ಲಿ ಬಿಡು, ತಿರುಗಿ ನೋಡಬೇಡ. ನಮ್ಮೂರವರನ್ನು ತಲೆಯ ಕೆಲಸಕ್ಕೆ ಹಚ್ಚಲೇಬೇಡ. ಆ ಲಂಡನ್ನಿನವರಿಗೆ ಕೊಡು, ಅವರಿಗೆ ಅದು ಹುಟ್ಟಿನಿಂದ ಬಂದಿದೆ. ಮುರಿದ ಪೆಟ್ಟಿಗೆ, ಹರಿದ ಬೂಟು, ಬೇರು, ಡಬ್ಬಿ, ಏನು ಸಿಕ್ಕರೂ ಮೇಲೆ ಹಾಕು. ಮನುಷ್ಯನ ತಲೆಯಷ್ಟು ಗಾತ್ರದ ಗುಬ್ಬು ನೂರು ಮಾಡು. ಆಗ ನಿಜವಾದದ್ದು ಯಾವುದೆಂದು ಅವನು ಹುಡುಕಲಿ.

ಹಿಂದಿನ ಒಡ್ಡು ಬೇಡ ಅಂದವನು ನಾನು. ಬೇಕು. ಮುಂದಿನದಕ್ಕಿಂತ ಒಂದು ಮೊಳ ಎತ್ತರ ಬೇಕು. ಗೆಡ್ಡೆಯ ಹಿಂದೆ ಮಣ್ಣಿನ ಗುಡ್ಡೆ ಹಾಕಿಸಿ ಮತ್ತೆ ಹೋಗಿ ನೋಡಿದೆ. ಆಕಾಶದ ಬದಲು ಕರೀ ಮಣ್ಣು ಹಿಂದೆ ಬಂದ ತಕ್ಷಣ ಟೋಪಿ ಮಾಯ. ನಿನ್ನ ದೊಡ್ಡಮ್ಮ "ಕಾಣ್ತೀನೇನ್ರೀ?" ಅಂತ ಕೂಗಿದಳು, ಕಾಣಲಿಲ್ಲ. ನಾನು ಕ್ಷಮೆ ಕೇಳಿದೆನೆಂದು ಡಾಬ್‌ಗೆ ಹೇಳು. ಅವನು ಹೇಳಿದ್ದು ಸರಿ.

ನಮ್ಮಲ್ಲಿ ಏರಿ ಕಟ್ಟುವುದು ನೀರಿಗೆ. ನೀರಿಗೆ ಕಣ್ಣಿಲ್ಲ. ಅದೊಂದು ನನಗೆ ಹೊಳೆಯಲಿಲ್ಲ.

ಕೆಜಿಯಾಳ ಬಾಗಿಲು ಇಲ್ಲಿಂದ ಎಂಟು ಹೆಜ್ಜೆ. ನಿನ್ನೆ ಅರ್ಧಕ್ಕೆ ಹೋಗಿ ವಾಪಸು ಬಂದೆ.

ದೊಡ್ಡಪ್ಪ


ಫ್ಲಾಂಡರ್ಸ್
೧೨ ಫೆಬ್ರವರಿ ೧೯೧೬

ದೊಡ್ಡಪ್ಪ,

ಬದುಕಿದ್ದೇನೆ. ಇದನ್ನು ಕ್ಯಾಪ್ಟನ್ ಓದುತ್ತಾರೆ, ಓದಲಿ, ಅವರ ವಿಚಾರವೂ ಇದೆ.

ನಿಮ್ಮ ಪತ್ರ ಮೂವತ್ತಕ್ಕೆ ಬಂತು. ಡಾಬ್‌ಗೆ ಕ್ಷಮೆ ತಲುಪಿಸಿದೆ. "ನಿಮ್ಮ ದೊಡ್ಡಪ್ಪನ್ನ ಕರೆಸಿಕೊಂಡು ನಿನ್ನನ್ನ ಊರಿಗೆ ಕಳಿಸ್ಬೇಕಿತ್ತು" ಅಂದ. ಅವನೂ ಅವನ ಇಬ್ಬರು ಲಂಡನ್ನಿನವರೂ ಬೆನ್ನು ಹಾಕಿ ನಿಂತು ಎಸೆದರು. ಎಂಥಾ ಪ್ರತಿಭೆ! ನಮ್ಮೂರಿನ ಜೋಬ್ ಕಣ್ಣು ಮುಚ್ಚಿಕೊಂಡು ಕೂತಿದ್ದ, ನೋಡಲಾಗದೆ. ಇಪ್ಪತ್ತು ಗಜ ಹಾಗೆ ಮಾಡಿ, ಉಳಿದ ಇಪ್ಪತ್ತು ನಾನು ಕಟ್ಟಿದ ಹಾಗೇ ಬಿಟ್ಟೆ.

ಕ್ಯಾಪ್ಟನ್ ಬಂದು ಕೆಂಡವಾದರು. ಕರ್ನಲ್ ಬರಲು ಐದು ದಿನವಿತ್ತು. ನಾನು ಏನೂ ಹೇಳದೆ ಕೋಲಿಗೆ ಟೋಪಿ ಸಿಕ್ಕಿಸಿ ಅವರ ಕೈಗೇ ಕೊಟ್ಟೆ. ಮೊದಲು ಒಳ್ಳೆಯ ಏರಿಯ ಮೇಲೆ ಎತ್ತಿದರು. ಏಳು ಎಣಿಸುವಷ್ಟರಲ್ಲಿ ಟೋಪಿಗೆ ತೂತು. ಆಮೇಲೆ ಕೆಟ್ಟದರ ಮೇಲೆ. ನೂರು ಎಣಿಸಿದೆವು. ಇನ್ನೂರು. ಅವರ ತೋಳು ಸೋತಿತು, ಆದರೂ ಇಳಿಸಲಿಲ್ಲ. ಕೊನೆಗೆ ಇಳಿಸಿ, ತೂತಿನಲ್ಲಿ ಬೆರಳಾಡಿಸುತ್ತಾ, ನಾಲ್ವರ ಹೆಸರನ್ನೂ ಒಂದೊಂದಾಗಿ ಹೇಳಿದರು. ರೂಬೆನ್ನನ ಹೆಸರು ಅವರಿಗೆ ನೆನಪಿತ್ತು. "ಉಳಿದ ಇಪ್ಪತ್ತು ಗಜಾನೂ ಕೆಡಿಸು" ಅಂದು ಹೊರಟುಹೋದರು.

ಕರ್ನಲ್ ಮೊನ್ನೆ ಬಂದರು. ಕೂಗಾಡಿದರು. ನನ್ನ ಪಟ್ಟಿ ಹೋಯಿತು. ಆದರೆ ಆಜ್ಞೆ ಹೊರಡಲಿಲ್ಲ. ಕರ್ನಲ್ ಕೈಗೂ ಕ್ಯಾಪ್ಟನ್ ಟೋಪಿಯ ಕೋಲು ಕೊಟ್ಟರಂತೆ, ಬೇರೆ ಕಂಪನಿಯ ಚೊಕ್ಕ ಒಡ್ಡಿನ ಹಿಂದೆ.

ಹದಿಮೂರು ದಿನವಾಯಿತು, ನಮ್ಮ ನಲವತ್ತು ಗಜದಲ್ಲಿ ಯಾರಿಗೂ ಏನೂ ಆಗಿಲ್ಲ. ಬೆನ್ನ ಹಿಂದಿನ ಒಡ್ಡು ಮಾತ್ರ ಅರ್ಧ ಎದ್ದಿದೆ. ಚೀಲವಿಲ್ಲ. ಬರುವವೂ ಎಲ್ಲ ಹೊಸ ಗೋಣಿ, ಒಂದೇ ಬಣ್ಣ, ಬಿಸಿಲಿಗೆ ಗೋಧಿಹೊಲದ ಹಾಗೆ ಹೊಳೆಯುತ್ತವೆ. ಆಚೆಯವರದನ್ನು ನೋಡಬೇಕು: ಪರದೆ, ಹಾಸಿಗೆ ಬಟ್ಟೆ, ಕೆಂಪು, ನೀಲಿ, ಕಪ್ಪು, ಏನೇನೋ. ಅವರ ಒಂದು ತಲೆಯೂ ನಮಗೆ ಈವರೆಗೆ ಕಂಡಿಲ್ಲ.

ಕೆಜಿಯಾ ಅತ್ತೆಗೆ ನೀವು ಹೇಳಬೇಡಿ. ಗುಬ್ಬು ಅಂದವನು ನಾನು. ರಜೆಗೆ ಬಂದಾಗ ನಾನೇ ಹೇಳುತ್ತೇನೆ.

ಸೇತ್


ಟಿಡ್‌ಹೋಮ್ ಏರಿ
೫ ಮಾರ್ಚ್ ೧೯೧೬

ಪ್ರೀತಿಯ ಸೇತ್,

ನಿನ್ನ ಪತ್ರ ಬರುವ ಮೊದಲೇ ಕೆಜಿಯಾಗೆ ಹೇಳಿಬಿಟ್ಟಿದ್ದೆ. ನೀನು ಬಂದು ಹೇಳುವವರೆಗೆ ಅವಳು ಕೊಟ್ಟ ರೊಟ್ಟಿ ತಿನ್ನಲು ನನ್ನಿಂದಾಗುತ್ತಿರಲಿಲ್ಲ.

ಹಾವುಮೀನಿನ ಚರ್ಮ ಸುಲಿಯುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ನಾನು ಬರೆದದ್ದು, ನೀನು ಕಟ್ಟಿದ್ದು, ಹಿಂದಿನ ಒಡ್ಡು ಬೇಡ ಅಂದದ್ದು, ಗುಬ್ಬು. ಕೈ ನಿಲ್ಲಿಸಲಿಲ್ಲ. ಒಂದು ಮುಗಿಸಿ ಇನ್ನೊಂದು ತೆಗೆದುಕೊಂಡಳು.

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ಹೂಂ."

"ಪ್ರಾರ್ಥನೆ ಮನೇಲಿ ಕೂತಿದ್ದ ಹಾಗೆ ಅಂದಿದ್ದೆ."

"ಅಂದಿದ್ದೆ."

"ಹೋಗು ಜೇಬೆಜ್."

ಬಂದುಬಿಟ್ಟೆ. ಎರಡು ಭಾನುವಾರ ಅವಳು ನಮ್ಮ ಬೆಂಚಿನಲ್ಲಿ ಕೂರಲಿಲ್ಲ. ನಿನ್ನ ದೊಡ್ಡಮ್ಮ ಮಾತಾಡಿಸಿದರೆ ಕೇಳಿಸಲೇ ಇಲ್ಲವೆಂಬಂತೆ ಹೋಗುತ್ತಿದ್ದಳು. ನಾನು ಏರಿಯ ಮೇಲೆ ಹೋಗುವುದನ್ನು ಬಿಟ್ಟು ಕೆಳಗಿನ ದಾರಿಯಲ್ಲಿ ಓಡಾಡಿದೆ, ಅವಳ ಕಿಟಕಿಗೆ ಕಾಣಬಾರದೆಂದು.

ಕಳೆದ ವಾರ ಗೇಟಿನ ಹತ್ತಿರ ಬಂದು ನಿಂತಳು. ಒಳಗೆ ಬರಲಿಲ್ಲ.

"ಅಲ್ಲಿ ಇನ್ನೂ ಎಷ್ಟು ಹುಡುಗರಿದಾರೆ?"

"ಹದಿನಾಲ್ಕು."

"ಅವರ ಬೆನ್ನ ಹಿಂದೆ ಈಗ ಏನಿದೆ?"

ನಿನ್ನ ಪತ್ರ ಓದಿ ಹೇಳಿದೆ, ಅರ್ಧ ಒಡ್ಡು, ಚೀಲವಿಲ್ಲ, ಒಂದೇ ಬಣ್ಣ. ಕೇಳಿಸಿಕೊಂಡು ಹೊರಟುಹೋದಳು. ಆಮೇಲೆ ನಾಲ್ಕು ದಿನ ಅವಳ ಬಾಗಿಲು ಮುಚ್ಚಿತ್ತು. ಊರಿನ ಹೆಂಗಸರು ಒಬ್ಬೊಬ್ಬರೇ ಕಂಕುಳಲ್ಲಿ ಬಟ್ಟೆ ಹಿಡಿದು ಒಳಗೆ ಹೋಗುವುದು ಕಾಣುತ್ತಿತ್ತು.

ನಿನ್ನೆ ಬೆಳಿಗ್ಗೆ ಗೇಟಿನ ಹೊರಗೆ ಕಟ್ಟು ಇಟ್ಟಿದ್ದಳು. ಅರವತ್ತೆರಡು ಚೀಲ, ಬಾಯಿಗೆ ದಾರ ಸಮೇತ. ನೀಲಿ ಗೆರೆಯ ಹಾಸಿಗೆ ಬಟ್ಟೆ, ಹಾಬ್ಸನ್ನನ ಕಪ್ಪು ಕೋಟು, ಯಾರದೋ ಕೆಂಪು ಲಂಗ, ಹಸಿರು ಪರದೆ. ಕಂದು ಬಣ್ಣದ ಎರಡು ಉದ್ದ ಚೀಲಗಳಿವೆ. ಅವು ರೂಬೆನ್ನನ ಭಾನುವಾರದ ಪ್ಯಾಂಟಿನ ಕಾಲುಗಳು. ನೋಡಿದ ಕೂಡಲೇ ಗುರುತು ಹತ್ತಿತು, ನಿನಗೂ ಹತ್ತುತ್ತದೆ. ಆ ಕಟ್ಟು ಈ ಪತ್ರದ ಜೊತೆಗೇ ಬರುತ್ತಿದೆ.

ಅವಳು ರಸ್ತೆಯ ಆಚೆ ನಿಂತಿದ್ದಳು. "ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ" ಅಂದಳು. ಅಂದುಕೊಂಡಿಲ್ಲ ಅಂದೆ. ಸೇತ್‌ಗೆ ಏನಾದರೂ ಬರೆಯಬೇಕಾ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಒಂದು ಚೀಲಾನಾದ್ರೂ ನೆಟ್ಟಗೆ ಇಟ್ಟೀಯಾ, ಜೋಕೆ ಅಂತ ಬರಿ."

ದೊಡ್ಡಪ್ಪ